ಹಳೆಯ ಹಂಚಿನ ಮನೆಯೊಳಗಿನ ಮಧ್ಯಾಹ್ನದ ಬೆಳಕು ಅಷ್ಟು ಹಿತವೆನಿಸುವುದೇಕೆ?

ಮುಖ್ಯ ಕಾರಣ ನೆಲ. ಉಡುಪಿ ಕಡೆಯ ಹಳೆಯ ಮನೆಗಳ ಕಾವಿ ಬಣ್ಣದ ನೆಲ ಬಿಸಿಲಿನ ನೀಲಿ, ಹಸಿರು ಅಂಶಗಳನ್ನು ಹೆಚ್ಚಾಗಿ ಹೀರಿಕೊಂಡು ಕೆಂಪನ್ನು ಮೇಲಕ್ಕೆ ಚೆಲ್ಲುತ್ತದೆ. ಸುಣ್ಣದ ಗೋಡೆ ಅದನ್ನು ಕೋಣೆಗೆಲ್ಲ ಹರಡುತ್ತದೆ. ಹಾಗಾಗಿ ಕಣ್ಣಿಗೆ ಬೀಳುವುದು ನೇರ ಬಿಸಿಲಲ್ಲ, ಎರಡು ಮೂರು ಸಲ ಪುಟಿದು ಮೆತ್ತಗಾದ ಬೆಳಕು.

ಮಾಡಿನ ನಡುವೆ ಒಂದೆರಡು ಗಾಜಿನ ಹಂಚು ಇರುತ್ತವಲ್ಲ, ಬಿಸಿಲು ಇಳಿಯುವುದು ಅಲ್ಲಿಂದ. ಅಡುಗೆಮನೆಯಲ್ಲಾದರೆ ಒಲೆಯ ಹೊಗೆಯ ಕಣಗಳು ಆ ಬೆಳಕನ್ನು ಚದುರಿಸುವುದರಿಂದ ಅದು ಓರೆಯಾಗಿ ನಿಲ್ಲಿಸಿದ ಕೋಲಿನಂತೆ ಕಾಣುತ್ತದೆ. ಅದರ ಅಡಿಯಲ್ಲಿಟ್ಟ ಹಿತ್ತಾಳೆಯ ಚೆಂಬು ಮಿರುಗುತ್ತದೆ; ಪಕ್ಕದ ಮಣ್ಣಿನ ಮಡಕೆ ಒರಟಾದ್ದರಿಂದ ಮಂಕಾಗಿಯೇ ಇರುತ್ತದೆ.

ಅದೇ ನೆಲಕ್ಕೆ ಬಿಳಿ ಟೈಲ್ಸ್ ಹಾಕಿಸಿದರೆ ಬೆಳಕು ಖಂಡಿತ ಹೆಚ್ಚುತ್ತದೆ. ನನಗೇನೋ ಆಮೇಲೆ ಬ್ಯಾಂಕಿನೊಳಗೆ ಕುಳಿತಂತಾಗುತ್ತದೆ.