ಪ್ರಾರ್ಥಿಸುವ ಶಕ್ತಿಯೂ ಇಲ್ಲದಾಗ

ಕಾಯಿಲೆ ಶುರುವಾದಾಗಿನಿಂದ ಪ್ರಾರ್ಥನೆ ಬಾಯಿಗೇ ಬರುತ್ತಿಲ್ಲ, ನಂಬಿಕೆ ಇಷ್ಟು ಕುಗ್ಗಿದ ಮೇಲೆ ದೇವರು ನನ್ನ ಕೈಬಿಟ್ಟಿರಬಹುದೇ ಎಂದು ಕೇಳಿದ್ದೀರಿ. ಇಲ್ಲ, ಬಿಟ್ಟಿಲ್ಲ. ನಮ್ಮ ಭದ್ರತೆ ನಾವೆಷ್ಟು ಗಟ್ಟಿಯಾಗಿ ನಂಬುತ್ತೇವೆ ಎಂಬುದರ ಮೇಲೆ ನಿಂತಿದ್ದರೆ ಯಾರೂ ಉಳಿಯುತ್ತಿರಲಿಲ್ಲ. ಅದು ನಿಂತಿರುವುದು ಕ್ರಿಸ್ತನ ಮೇಲೆ.

ಬೈಬಲಿನ 1 ಅರಸುಗಳು 19ನೇ ಅಧ್ಯಾಯದಲ್ಲಿ ಪ್ರವಾದಿ ಎಲೀಯನನ್ನು ನೋಡಿ. ಅಡವಿಯಲ್ಲಿ ಗಿಡದ ಕೆಳಗೆ ಕುಳಿತು, ಸಾಕು, ನನ್ನ ಪ್ರಾಣ ತೆಗೆದುಕೋ ಎಂದು ಬೇಡಿದ. ದೇವರು ಗದರಿಸಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ದೂತನ ಕೈಯಿಂದ ರೊಟ್ಟಿ, ನೀರು ಕೊಡಿಸಿದ. ಮತ್ತೆ ಮಲಗಲು ಬಿಟ್ಟ. ಎಬ್ಬಿಸಿ ಮತ್ತೆ ಉಣಿಸಿದ. ಪ್ರಯಾಣ ನಿನ್ನ ಶಕ್ತಿಗೆ ಮೀರಿದ್ದು ಎಂದು ಒಪ್ಪಿಕೊಂಡವನು ಆ ದೂತನೇ! ನಿಮ್ಮ ದಣಿವೂ ದೇವರಿಗೆ ಅಪರಾಧವಲ್ಲ.

ಅಪೊಸ್ತಲ ಪೌಲನನ್ನು ಕಾಡುತ್ತಿದ್ದ ಬಾಧೆ, ಅವನೇ ಹೇಳುವ ‘ಶರೀರದ ಮುಳ್ಳು’, ಮೂರು ಸಾರಿ ಬೇಡಿದರೂ ಹೋಗಲಿಲ್ಲ. ಸಿಕ್ಕಿದ್ದು ನನ್ನ ಕೃಪೆಯೇ ನಿನಗೆ ಸಾಕು ಎಂಬ ಉತ್ತರ (2 ಕೊರಿಂಥ 12). ಆದ್ದರಿಂದ ಗುಣವಾಗದಿರಲು ನಿಮ್ಮ ನಂಬಿಕೆ ಸಾಲದ್ದೇ ಕಾರಣ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ. ಆ ಮಾತು ನನಗೆ ನಿಜಕ್ಕೂ ನೋವು ತರುತ್ತದೆ.

ಸ್ವಂತ ಮಾತು ಬರದಿದ್ದರೆ 88ನೇ ಕೀರ್ತನೆಯನ್ನು ಓದಿ. ಕೊನೆಯವರೆಗೂ ಕತ್ತಲೆಯೇ, ಆದರೂ ಅದು ದೇವರಿಗೇ ಇಟ್ಟ ಮೊರೆ. ಅದೂ ಆಗದಿದ್ದರೆ ಬೇರೆಯವರು ನಿಮಗಾಗಿ ಪ್ರಾರ್ಥಿಸಲಿ; ಪಾರ್ಶ್ವವಾಯು ರೋಗಿಯನ್ನು ನಾಲ್ವರು ಹೊತ್ತು ತಂದಾಗ ಯೇಸು ನೋಡಿದ್ದು ಅವರ ನಂಬಿಕೆಯನ್ನು (ಮಾರ್ಕ 2).

ಔಷಧಿ ಮಾತ್ರ ನಿಲ್ಲಿಸಬೇಡಿ. ಬದುಕೇ ಬೇಡವೆನಿಸುತ್ತಿದ್ದರೆ ಇವತ್ತೇ ಆಪ್ತರೊಬ್ಬರಿಗೂ ವೈದ್ಯರಿಗೂ ಹೇಳಿ.