ಇಂಜೆಕ್ಟರ್ ರೇಜರ್‌ಗೆ ಬದಲಿ ಹುಡುಕುವ ಮೊದಲು ಇದನ್ನು ಓದಿ

ನಿಮ್ಮ ಸೋದರಮಾವ ಬಳಸುತ್ತಿದ್ದ ಹಳೆಯ ಶಿಕ್ ಕಂಪನಿಯ ಇಂಜೆಕ್ಟರ್ (ಬ್ಲೇಡಿನ ಡಬ್ಬಿಯಿಂದಲೇ ಪಕ್ಕದಿಂದ ಬ್ಲೇಡು ತಳ್ಳಿ ಹಾಕುವ ಒಂದಂಚಿನ ರೇಜರ್) ನಿಮ್ಮ ಕೈಗೆ ಬಂದಿದೆ, ನಾಲ್ಕು ತಿಂಗಳು ಅದರಲ್ಲೇ ಶೇವ್ ಮಾಡಿ ತುಂಬಾ ಇಷ್ಟವಾಗಿದೆ, ಈಗ ಬ್ಲೇಡು ಮುಗಿಯುತ್ತಾ ಬಂದಿದೆ. ಇದೇ ಥರದ ಹೊಸ ರೇಜರ್ ಯಾವುದಿದೆ, ಇಲ್ಲಾ ಮನೆಯಲ್ಲೇ ಏನಾದರೂ ಮಾಡಿಕೊಳ್ಳಬಹುದಾ ಅಂತ ಕೇಳಿದ್ದೀರಿ. ಮೇಲೆ ನಾಲ್ಕೈದು ಜನ ರೇಜರ್‌ಗಳ ಹೆಸರುಗಳನ್ನು ಕೊಟ್ಟಿದ್ದಾರೆ. ನಾನು ಈ ಹಾದಿಯಲ್ಲಿ ಸಾಕಷ್ಟು ಓಡಾಡಿದ್ದೇನೆ, ದುಡ್ಡೂ ಕಳೆದುಕೊಂಡಿದ್ದೇನೆ, ಹಾಗಾಗಿ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಮೊದಲು ಒಂದು ವಿಷಯ. ನಿಮಗೆ ಇಷ್ಟವಾಗಿರುವುದು ಆ ರೇಜರಿನ ಆಕಾರ ಅಂತ ನಿಮಗೆ ಅನಿಸಿರಬಹುದು. ನನ್ನ ಪ್ರಕಾರ ಅದು ಬ್ಲೇಡಿನ ದಪ್ಪ. ಇಂಜೆಕ್ಟರ್ ಬ್ಲೇಡು ಸುಮಾರು 0.25 ಮಿ.ಮೀ. ದಪ್ಪ ಇರುತ್ತದೆ. ಎಲ್ಲ ಕಡೆ ಸಿಗುವ ಎರಡಂಚಿನ ಬ್ಲೇಡು ಬರೀ 0.1 ಮಿ.ಮೀ. ಇರುತ್ತದೆ. ಎರಡೂವರೆ ಪಟ್ಟು ದಪ್ಪ ತಾನೇ ಅಂತ ಬಿಟ್ಟುಬಿಡಬೇಡಿ. ತಗಡು ಬಾಗದೆ ನಿಲ್ಲುವ ಶಕ್ತಿ ದಪ್ಪದ ಘನದ ಲೆಕ್ಕದಲ್ಲಿ ಏರುತ್ತದೆ. ಅಂದರೆ 2.5 × 2.5 × 2.5, ಹತ್ತಿರ ಹತ್ತಿರ 16 ಪಟ್ಟು ಬರುತ್ತದೆ. ತೆಳು ಬ್ಲೇಡು ಒರಟು ಗಡ್ಡಕ್ಕೆ ತಾಗಿದಾಗ ಅಂಚು ಸಣ್ಣಗೆ ನಡುಗುತ್ತದೆ, ಕೂದಲನ್ನು ಎಳೆದು ಎಳೆದು ಕತ್ತರಿಸುತ್ತದೆ. ದಪ್ಪ ಬ್ಲೇಡು ನಿಂತಲ್ಲೇ ನಿಂತು ಕತ್ತರಿಸುತ್ತದೆ. ಗದ್ದದ ಮೇಲೆ ಒಂದೇ ಎಳೆತಕ್ಕೆ ನುಣುಪಾಗುತ್ತದೆ ಅಂತ ಬರೆದಿದ್ದೀರಲ್ವಾ, ಅದಕ್ಕೆ ಕಾರಣ ಇದು. ತಲೆ ಚಿಕ್ಕದು, ಮೂಗಿನ ಕೆಳಗೆ ಸಲೀಸಾಗಿ ಹೋಗುತ್ತದೆ, ಕೆನ್ನೆಯ ಮೇಲೆ ಚಪ್ಪಟೆಯಾಗಿ ಇಟ್ಟರೆ ಕೋನ ತಾನಾಗೇ ಸರಿ ಬರುತ್ತದೆ, ಇವೆಲ್ಲ ಆಮೇಲಿನ ಮಾತು. ಬದಲಿ ಹುಡುಕುವಾಗ ದಪ್ಪವನ್ನು ಹಿಡಿದುಕೊಂಡು ಹುಡುಕಿ, ಆಕಾರವನ್ನಲ್ಲ.

ಇನ್ನೊಂದು ಮಾತು: ರೇಜರ್ ಬಿಡುವ ಅವಸರ ಮಾಡಬೇಡಿ. ಇಂಜೆಕ್ಟರ್ ಬ್ಲೇಡು ನಿಂತುಹೋಗಿಲ್ಲ. ಶಿಕ್ ಹೆಸರಿನಲ್ಲೇ ಬರುತ್ತದೆ, ಬೇರೆಯವರದ್ದೂ ಸಿಗುತ್ತದೆ. ಪ್ರಯೋಗಾಲಯಗಳಿಗೆ ಸಾಮಾನು ಮಾರುವ ಟೆಡ್ ಪೆಲ್ಲಾ ಕಂಪನಿ ಕೂಡ ಮಾರುತ್ತದೆ. ತೆಳು ಪದರಗಳಾಗಿ ಮಾದರಿ ಕತ್ತರಿಸುವ ಯಂತ್ರಗಳಿಗೆ ಇದೇ ಬ್ಲೇಡು ಬೇಕು, ಹಾಗಾಗಿ ಅದು ಉಳಿದುಕೊಂಡಿದೆ. ಟೆಫ್ಲಾನ್ ಲೇಪದ ಆ ಬ್ಲೇಡಿಗೆ ಶೇವ್ ಮಾಡುವವರಲ್ಲೂ ಒಳ್ಳೆಯ ಹೆಸರಿದೆ. ಅಂಗಡಿಯಲ್ಲಿ ಸಿಗಲಿಲ್ಲ ಅಂದರೆ ಮುಗಿಯಿತು ಅಂತಲ್ಲ, ಆನ್‌ಲೈನ್‌ನಲ್ಲಿ ಒಂದೇ ಸಲ ಎರಡು ವರ್ಷಕ್ಕೆ ಆಗುವಷ್ಟು ತರಿಸಿಡಿ. ಒಣ ಜಾಗದಲ್ಲಿ ಇಟ್ಟರೆ ಕೆಡುವುದಿಲ್ಲ.

ಖಾಲಿಯಾದ ಇಂಜೆಕ್ಟರ್ ಡಬ್ಬಿಯನ್ನು ಎಸೆಯಲೇಬೇಡಿ. ಅದರ ತುದಿಯ ಕೀಲಿ ರೇಜರಿನ ಪಕ್ಕದ ಸಂದಿಗೆ ಹೊಕ್ಕಾಗ ಒಳಗಿನ ಸ್ಪ್ರಿಂಗ್ ಸಡಿಲವಾಗುತ್ತದೆ, ಆಗ ಹೊಸ ಬ್ಲೇಡು ಹಳೆಯದನ್ನು ಆಚೆಗೆ ತಳ್ಳಿ ಕೂರುತ್ತದೆ. ಬಿಡಿ ಬ್ಲೇಡು ಸಿಕ್ಕಿದರೂ ಇದೇ ಕೀಲಿಯನ್ನು ಒತ್ತಿ ಹಿಡಿದು ಪಕ್ಕದಿಂದ ಕೈಯಲ್ಲೇ ಸರಿಸಿ ಹಾಕಬಹುದು, ಬ್ಲೇಡಿನ ಬೆನ್ನನ್ನು ಮಾತ್ರ ಹಿಡಿದುಕೊಂಡು.

ಹಳೆಯ ರೇಜರ್ ಗಟ್ಟಿಯಾಗಿದೆಯಾ ಅಂತಲೂ ಒಮ್ಮೆ ನೋಡಿ. ಬ್ಲೇಡು ಹಾಕಿ, ಅದರ ಕೊನೆಯನ್ನು ಕಡ್ಡಿಯಿಂದ ಪಕ್ಕಕ್ಕೆ ಮೆಲ್ಲಗೆ ತಳ್ಳಿ. ಜಾರಿದರೆ ಸ್ಪ್ರಿಂಗ್ ಸೋತಿದೆ ಅಂತ ಅರ್ಥ, ಅದರಲ್ಲಿ ಶೇವ್ ಮಾಡಬೇಡಿ. ಮುಂಭಾಗದಲ್ಲಿ ಬ್ಲೇಡು ತಡೆದು ನಿಲ್ಲುವ ಎರಡು ಚಿಕ್ಕ ಮೊಳೆಯಂಥ ತುಂಡುಗಳಿವೆ. ಅಲ್ಲಿ ಹಳೆಯ ಸೋಪು ಕಟ್ಟಿದ್ದರೆ ಬ್ಲೇಡು ಒಂದು ಕಡೆ ಒಳಗೆ, ಒಂದು ಕಡೆ ಹೊರಗೆ ಕೂರುತ್ತದೆ. ಉಗುರುಬೆಚ್ಚಗಿನ ನೀರು, ಪಾತ್ರೆ ಸೋಪು, ಹಳೆಯ ಹಲ್ಲುಜ್ಜುವ ಬ್ರಷ್ ಸಾಕು. ಹಿಡಿ ಪ್ಲಾಸ್ಟಿಕ್ಕಿನದಾದರೆ ಕುದಿಯುವ ನೀರಿಗೆ ಹಾಕಬೇಡಿ, ಬಿರುಕು ಬಿಡುತ್ತದೆ. ನಾನೇ ಒಂದನ್ನು ಹಾಗೆ ಹಾಳು ಮಾಡಿದೆ, ಇವತ್ತಿಗೂ ಬೇಜಾರಿದೆ.

ಈಗ ಹೊಸ ರೇಜರ್‌ಗಳ ವಿಷಯ. ಇಂಜೆಕ್ಟರ್ ಬ್ಲೇಡನ್ನೇ ತೆಗೆದುಕೊಳ್ಳುವ ಹೊಸವು ಇವೆ. ಸಪ್ಲೈ ಅನ್ನುವ ಕಂಪನಿಯ ಸಿಂಗಲ್ ಎಡ್ಜ್ ಅವುಗಳಲ್ಲಿ ಹೆಚ್ಚು ಹೆಸರಾದದ್ದು, ಪಾರ್ಕರ್ ಕೂಡ ತಿರುಗಿಸಿ ಹೊಂದಿಸಬಹುದಾದ ಒಂದನ್ನು ತಂದಿದೆ. ನಿಮ್ಮ ಹಳೆಯದು ಸೋತಿದ್ದರೆ, ಬ್ಲೇಡು ಮಾತ್ರ ತರಿಸಿಟ್ಟುಕೊಂಡಿದ್ದರೆ, ಇವು ನೇರ ದಾರಿ. ಆದರೆ ಹೆಸರೇ ಇಲ್ಲದ ನಕಲುಗಳನ್ನು ಕೊಳ್ಳಬೇಡಿ. ಅಂಥದ್ದೊಂದನ್ನು ನಾನು ತರಿಸಿದ್ದೆ. ನೋಡಲು ಹಳೆಯದರ ಹಾಗೇ ಇತ್ತು, ಬ್ಲೇಡು ಮಾತ್ರ ಎಡಗಡೆ ಕೂದಲೆಳೆಯಷ್ಟು ಜಾಸ್ತಿ ಆಚೆ ಬಂದಿತ್ತು. ಮೊದಲ ದಿನವೇ ದವಡೆ ಅಂಚಿನಲ್ಲಿ ಗಾಯ.

ಬ್ಲೇಡಿನ ಚಿಂತೆಯೇ ಬೇಡ ಅನ್ನುವವರಿಗೆ ನನ್ನ ಉತ್ತರ ಒಂದೇ: ಎಸಿ ಬ್ಲೇಡಿನ ರೇಜರ್. ಆರ್ಟಿಸ್ಟ್ ಕ್ಲಬ್ ಅಂತ ಅದರ ಪೂರ್ತಿ ಹೆಸರು. ಜಪಾನಿನ ಫೆದರ್ ಮತ್ತು ಕಾಯ್ ಕಂಪನಿಗಳು ಇವನ್ನು ಮಾಡುತ್ತವೆ, ವೃತ್ತಿಯಲ್ಲಿರುವ ಕ್ಷೌರಿಕರು ತಮ್ಮ ಮಡಚುಗತ್ತಿಯಂಥ ರೇಜರಿಗೆ ಹಾಕಿಕೊಳ್ಳುವ ಬ್ಲೇಡು ಇದು. ದಪ್ಪ ಇಂಜೆಕ್ಟರ್‌ನಷ್ಟೇ, ಹರಿತ ಅದಕ್ಕಿಂತ ಹೆಚ್ಚು, ಒಂದೊಂದು ಬ್ಲೇಡು ತುಂಬಾ ದಿನ ಬಾಳುತ್ತದೆ. ವೃತ್ತಿಯವರು ಬಳಸುವುದರಿಂದ ಸರಬರಾಜು ನಿಲ್ಲುವ ಭಯವೂ ಕಡಿಮೆ. ಮಂಗೂಸ್, ಹಾಕ್, ಬ್ಲ್ಯಾಕ್‌ಲ್ಯಾಂಡ್ ವೆಕ್ಟರ್, ಇವೆಲ್ಲ ಈ ಬ್ಲೇಡಿಗಾಗಿಯೇ ಮಾಡಿದ ರೇಜರ್‌ಗಳು. ಬ್ಲೇಡು ಇಂಜೆಕ್ಟರ್‌ಗಿಂತ ಉದ್ದ, ಹಾಗಾಗಿ ತಲೆಯೂ ಅಗಲ. ಮೂಗಿನ ಕೆಳಗೆ ಮೊದಲ ಒಂದು ವಾರ ಕಷ್ಟವಾಗುತ್ತದೆ, ಆಮೇಲೆ ಕೈ ಹೊಂದಿಕೊಳ್ಳುತ್ತದೆ. ಒಂದು ಎಚ್ಚರಿಕೆ: ಫೆದರ್‌ನಲ್ಲೇ ಪ್ರೊಫೆಷನಲ್, ಸೂಪರ್, ಲೈಟ್ ಅಂತ ಬೇರೆ ಬೇರೆ ಇವೆ. ಸೂಪರ್ ಜಾಸ್ತಿ ಆಚೆ ಚಾಚುತ್ತದೆ, ಲೈಟ್ ಕಡಿಮೆ. ಸುಮ್ನೆ ಸೂಪರ್‌ನಿಂದ ಶುರು ಮಾಡಿ ಚರ್ಮ ಉರಿಸಿಕೊಂಡು ಇಡೀ ರೇಜರನ್ನೇ ಬೈಯುವವರನ್ನು ನೋಡಿದ್ದೇನೆ. ಲೈಟ್‌ನಿಂದ ಶುರು ಮಾಡಿ.

ಜೆಮ್ ಬ್ಲೇಡು ಇನ್ನೊಂದು ದಾರಿ. ಬೆನ್ನಿಗೆ ತಗಡಿನ ಪಟ್ಟಿ ಇರುವ ಒಂದಂಚಿನ ಬ್ಲೇಡು, ದಪ್ಪ ಸುಮಾರು 0.23 ಮಿ.ಮೀ. ಅದಕ್ಕೂ ಹಳೆಯ ರೇಜರ್‌ಗಳು ಬೇಕಾದಷ್ಟಿವೆ, ಹೊಸದರಲ್ಲಿ ಬ್ಲ್ಯಾಕ್‌ಲ್ಯಾಂಡ್ ಸೇಬರ್ ಇದೆ. ಬಣ್ಣ ಕೆರೆಯಲು, ಗಾಜು ಕೆರೆಯಲು ಮಾರುವ ಬ್ಲೇಡು ನೋಡಲು ಇದರ ಹಾಗೇ ಇರುತ್ತದೆ. ಅದನ್ನು ದಯವಿಟ್ಟು ಮುಖಕ್ಕೆ ಹಚ್ಚಬೇಡಿ, ಅಂಚು ಒರಟು, ಲೇಪವೂ ಇರುವುದಿಲ್ಲ.

ಇಲ್ಲಿ ಒಬ್ಬರು ಎರಡಂಚಿನ ಬ್ಲೇಡನ್ನು ಅರ್ಧ ಮುರಿದು ಹಾಕುವ ರೇಜರ್ ಸೂಚಿಸಿದ್ದಾರೆ. ಲೀಫ್ ಕಂಪನಿಯ ಟ್ವಿಗ್ ಆ ಥರದ್ದು. ಚಿಕ್ಕ ತಲೆ, ಒಂದೇ ಅಂಚು, ಒಳ್ಳೆಯ ರೇಜರ್, ಅನುಮಾನ ಇಲ್ಲ. ಆದರೆ ಬ್ಲೇಡು ಅದೇ 0.1 ಮಿ.ಮೀ. ನೀವು ಹುಡುಕುತ್ತಿರುವ ಗಟ್ಟಿತನ ಅಲ್ಲಿ ಸಿಗುವುದಿಲ್ಲ. ಆ ಅರ್ಧ ಬ್ಲೇಡನ್ನು ಹಳೆಯ ಇಂಜೆಕ್ಟರಿನೊಳಗೇ ತುರುಕುವ ಐಡಿಯಾ ಕೂಡ ಯಾರಿಗಾದರೂ ಬರುತ್ತದೆ. ನಾನು ಮಾಡಿ ನೋಡಿದ್ದೇನೆ. ಸ್ಪ್ರಿಂಗ್ ದಪ್ಪ ಬ್ಲೇಡಿನ ಅಳತೆಗೆ ಇದೆ, ತೆಳುವಾದದ್ದು ಅದರಡಿ ಬಿಗಿಯಾಗಿ ನಿಲ್ಲುವುದಿಲ್ಲ, ನಡುವೆ ಉಬ್ಬುತ್ತದೆ. ಬೇಡ.

ಮನೆಯಲ್ಲಿ ಮಾಡಿಕೊಳ್ಳುವುದಕ್ಕೆ ಬರೋಣ, ನನಗೆ ಹೆಚ್ಚು ಖುಷಿ ಕೊಡುವ ಭಾಗ ಇದು.

ಎಲ್ಲಕ್ಕಿಂತ ಸುಲಭದ್ದು ಶಿಮ್, ಅಂದರೆ ಬ್ಲೇಡಿನ ಅಡಿಗೆ ಇಡುವ ತೆಳು ತಗಡಿನ ಪಟ್ಟಿ. ನಿಮ್ಮ ಬಳಿ ಎರಡಂಚಿನ ರೇಜರ್ ಇದ್ದರೆ ಇವತ್ತೇ ಮಾಡಬಹುದು. ಬಳಸಿ ಬಿಟ್ಟ ಬ್ಲೇಡು ತೆಗೆದುಕೊಂಡು ಎರಡೂ ಹರಿತ ಅಂಚುಗಳನ್ನು ಗಟ್ಟಿ ಕತ್ತರಿಯಿಂದ ಒಂದೊಂದು ಮಿ.ಮೀ.ಗಿಂತ ಸ್ವಲ್ಪ ಜಾಸ್ತಿ ಕತ್ತರಿಸಿ ತೆಗೆಯಿರಿ. ನಡುವಿನ ತೂತು ಹಾಗೇ ಉಳಿಯಬೇಕು. ಈ ಪಟ್ಟಿಯನ್ನು ಕೆಳಗಿನ ತಟ್ಟೆಯ ಮೇಲೆ ಇಟ್ಟು, ಅದರ ಮೇಲೆ ಹೊಸ ಬ್ಲೇಡು ಇಟ್ಟು ಬಿಗಿಯಿರಿ. ಬ್ಲೇಡಿಗೆ ಅಡಿಯಿಂದ ಆಸರೆ ಸಿಗುತ್ತದೆ, ನಡುಕ ಕಡಿಮೆಯಾಗುತ್ತದೆ. ಜೊತೆಗೆ ಬ್ಲೇಡು 0.1 ಮಿ.ಮೀ. ಮೇಲಕ್ಕೆ ಏಳುವುದರಿಂದ ಸಂದಿ ದೊಡ್ಡದಾಗಿ ರೇಜರ್ ಚುರುಕಾಗುತ್ತದೆ. ಮೃದುವಾದ ರೇಜರಿಗೆ ಒಂದು ಶಿಮ್ ಹಾಕಿ, ಎರಡನೆಯದಕ್ಕೆ ಕೈ ಹಾಕುವ ಮೊದಲು ಒಂದು ವಾರ ಶೇವ್ ಮಾಡಿ. ಪೂರ್ತಿ ಇಂಜೆಕ್ಟರ್ ಆಗುವುದಿಲ್ಲ, ಆದರೆ ಆ ಕಡೆಗೆ ಅರ್ಧ ದಾರಿ ಖಂಡಿತ ಹೋಗುತ್ತೀರಿ, ಅದೂ ಖರ್ಚಿಲ್ಲದೆ.

ಎಸಿ ಬ್ಲೇಡನ್ನು ಇಂಜೆಕ್ಟರ್ ಉದ್ದಕ್ಕೆ ಮುರಿದು ಹಳೆಯ ರೇಜರಿಗೆ ಹಾಕುವವರು ಇದ್ದಾರೆ, ನಾನೂ ಹಾಕಿದ್ದೇನೆ. ಸರಿಯಾಗಿ ಕೂತರೆ ಶೇವ್ ಅದ್ಭುತ. ಕೆಲಸ ಮಾತ್ರ ನಾಜೂಕು. ಮುರಿಯುವ ಮೊದಲು ಹಳೆಯ ಬ್ಲೇಡಿನ ಪಕ್ಕ ಇಟ್ಟು ಅಗಲ ನೋಡಿ. ಮುಂದೆ ಆ ಎರಡು ತಡೆಗಳಿಗೆ, ಹಿಂದೆ ಸ್ಪ್ರಿಂಗಿಗೆ, ಎರಡಕ್ಕೂ ತಾಗಬೇಕು. ಇಲ್ಲವಾದರೆ ಅಲ್ಲಿಗೇ ಬಿಡಿ. ಈ ಉಕ್ಕು ಗಟ್ಟಿ, ಆದರೆ ಬಾಗದೆ ಪಟ್ಟನೆ ಮುರಿಯುತ್ತದೆ. ಕತ್ತರಿಯಿಂದ ಕತ್ತರಿಸಲು ಹೋದರೆ ಚೂರು ಹಾರುತ್ತದೆ. ಕಣ್ಣಿಗೆ ಕನ್ನಡಕ ಹಾಕಿ, ಬ್ಲೇಡಿಗೆ ಟೇಪು ಸುತ್ತಿ, ಗುರುತಿನ ಎರಡೂ ಬದಿ ಇಕ್ಕಳದಲ್ಲಿ ಹಿಡಿದು ಒಂದೇ ಸಲ ಮುರಿಯಿರಿ. ತುದಿಯನ್ನು ನುಣ್ಣಗಿನ ಕಲ್ಲಿನಲ್ಲಿ ನೀರು ಹಾಕಿ ಉಜ್ಜಿ. ಯಂತ್ರದ ಚಕ್ರಕ್ಕೆ ಹಿಡಿದರೆ ಬಿಸಿಯಾಗಿ ನೀಲಿ ಬಣ್ಣ ಬರುತ್ತದೆ, ಬಂದರೆ ಅಲ್ಲಿನ ಹದ ಹೋಯಿತು ಅಂತ. ಮೂಲೆ ತಲೆಯಿಂದ ಆಚೆ ಒಂದಿಷ್ಟೂ ಚಾಚಬಾರದು, ಕಿವಿಯ ಹತ್ತಿರ ಗೀರುವುದು ಆ ಮೂಲೆಯೇ.

ಹಿಡಿ ಮಾಡುವುದು ಯಾರು ಬೇಕಾದರೂ ಧೈರ್ಯವಾಗಿ ಮಾಡಬಹುದಾದ ಕೆಲಸ. ತಲೆ ಬಿಚ್ಚಿ ಬರುವ ರೇಜರ್‌ಗಳಲ್ಲಿ ಹೆಚ್ಚಿನವು ಎಂ5 (5 ಮಿ.ಮೀ.) ತಿರುಪಿಗೆ ಹೊಂದುತ್ತವೆ. ಹಿತ್ತಾಳೆ ಸರಳು, ಒಂದು ಡ್ರಿಲ್, ಎಂ5 ಟ್ಯಾಪ್ (ತೂತಿನೊಳಗೆ ತಿರುಪು ಕೊರೆಯುವ ಉಪಕರಣ) ಇದ್ದರೆ ಒಂದು ಭಾನುವಾರ ಸಾಕು. ಮರದ ಹಿಡಿಯಾದರೆ ಒಳಗೆ ಹಿತ್ತಾಳೆ ಕೊಳವೆ ಕೂರಿಸಿ, ಮರದಲ್ಲೇ ತಿರುಪು ಕೊರೆಯಬೇಡಿ, ನೀರು ಕುಡಿದು ಉಬ್ಬಿ ಹಾಳಾಗುತ್ತದೆ.

ತಲೆಯನ್ನೇ ಮಾಡಬೇಕಾ? ಇಲ್ಲಿ ಸ್ವಲ್ಪ ನಿಧಾನ. 3ಡಿ ಪ್ರಿಂಟರ್ ಇರುವ ಗೆಳೆಯರು ಕೇಳುತ್ತಿರುತ್ತಾರೆ. ಆ ಪ್ರಿಂಟರ್‌ಗಳಲ್ಲಿ ಸಾಮಾನ್ಯವಾಗಿ ಬಳಸುವ ಪಿಎಲ್‌ಎ ಪ್ಲಾಸ್ಟಿಕ್ ಸುಮಾರು 60 ಡಿಗ್ರಿಗೆ ಮೆತ್ತಗಾಗಲು ಶುರುವಾಗುತ್ತದೆ, ಬಿಸಿ ನೀರಿಗೆ ಅದ್ದಿದರೆ ಬ್ಲೇಡು ಕೂರುವ ಜಾಗವೇ ಬಾಗುತ್ತದೆ. ಪದರಗಳ ನಡುವೆ ಸೋಪು ಸೇರಿಕೊಳ್ಳುತ್ತದೆ, ಬ್ಲೇಡನ್ನು ಒತ್ತಿ ಹಿಡಿಯುವ ಸ್ಪ್ರಿಂಗ್ ಪ್ಲಾಸ್ಟಿಕ್ಕಿನಲ್ಲಿ ಬೇಗ ಸೋಲುತ್ತದೆ. ಆಕಾರ, ಕೋನ ಪರೀಕ್ಷೆ ಮಾಡಲು ಪ್ರಿಂಟ್ ಮಾಡಿ, ಮುಖಕ್ಕೆ ಬೇಡ. ನಾನು ಎಸಿ ಬ್ಲೇಡಿಗೆ ಹಿತ್ತಾಳೆಯಲ್ಲಿ ಅರ ಹಾಕಿ ಒಂದು ತಲೆ ಮಾಡಿದೆ, ಸ್ಪ್ರಿಂಗ್ ಬದಲು ಎರಡು ತಿರುಪಿನಿಂದ ಬಿಗಿಯುವ ಹಾಗೆ. ನಾಲ್ಕನೆಯದು ಸರಿ ಬಂತು. ಮೊದಲ ಮೂರರಲ್ಲೂ ಒಂದೇ ತಪ್ಪು, ಬ್ಲೇಡಿನ ಎಡ ಬಲ ಸಮ ಇರಲಿಲ್ಲ. ಕಣ್ಣಿಗೆ ಅದು ಕಾಣುವುದಿಲ್ಲ. ಗ್ಯಾರೇಜಿನವರ ಬಳಿ ಇರುವ ಫೀಲರ್ ಗೇಜ್ (ಬೇರೆ ಬೇರೆ ದಪ್ಪದ ತಗಡಿನ ಎಲೆಗಳಿರುವ ಅಳತೆಯ ಸಾಧನ) ತೆಗೆದುಕೊಂಡು ಬ್ಲೇಡಿಗೂ ಮುಂದಿನ ಪಟ್ಟಿಗೂ ನಡುವಿನ ಸಂದಿಯನ್ನು ಎಡ, ನಡು, ಬಲ ಮೂರೂ ಕಡೆ ಅಳೆಯಿರಿ. ಮೂರಕ್ಕೂ ಒಂದೇ ಎಲೆ ಹೋಗಬೇಕು. ಆಮೇಲೆ ಮೊದಲು ಕೈಯ ಮೇಲಿನ ಕೂದಲಿಗೆ ನೊರೆ ಹಚ್ಚಿ ನೋಡಿ, ಮುಖ ಆಮೇಲೆ.

ನಿಮ್ಮ ಜಾಗದಲ್ಲಿ ನಾನಿದ್ದರೆ ಮಾವನ ರೇಜರ್ ತೊಳೆದು, ಸ್ಪ್ರಿಂಗ್ ಪರೀಕ್ಷೆ ಮಾಡಿ, ಎರಡು ವರ್ಷದ ಬ್ಲೇಡು ತರಿಸುತ್ತಿದ್ದೆ. ಅದು ಬರುವ ತನಕ ಶಿಮ್ ಹಾಕಿದ ಎರಡಂಚಿನ ರೇಜರ್. ಸ್ಪ್ರಿಂಗ್ ಸೋತಿದ್ದರೆ ಮಾತ್ರ ಎಸಿ ರೇಜರ್ ಕೊಳ್ಳಿ. ತಲೆಯ ಮುಂಭಾಗ ಕಾಣುವ ಹಾಗೆ ಒಂದು ಫೋಟೋ ಇಲ್ಲಿ ಹಾಕಿ, ಪಕ್ಕದಿಂದಲೂ ಒಂದು. ಬ್ಲೇಡು ಹಾಕಿದ ಸ್ಥಿತಿಯಲ್ಲೇ ಇರಲಿ, ಆಗ ಅದು ನೇರವಾಗಿ ಕೂತಿದೆಯಾ ಅಂತ ನೋಡಿ ಹೇಳಬಹುದು.