ಬೆಳಗಾವಿಯ ಹಿಂಡಲಗಾ ಜೈಲಿನಿಂದ ಬಿಡುಗಡೆಯಾಗುವ ಅಣ್ಣನಿಗೆ ಮಾನಸಿಕ ಕಾಯಿಲೆ ಇದೆ, ಮನೆಯವರು ಮೊದಲು ಏನು ಮಾಡಬೇಕು?

ಮುಂದಿನ ತಿಂಗಳು ಅಣ್ಣ ಬರುತ್ತಾನೆ, ಸ್ಕಿಜೋಫ್ರೇನಿಯಾಕ್ಕೆ ಒಳಗೆ ಮಾತ್ರೆ ನಡೆದಿದೆ, ಬೈಲಹೊಂಗಲ ಕಡೆ ನಮ್ಮೂರು ಅಂತ ಬರೆದಿದ್ದೀರಿ. ನಾನು ಡಾಕ್ಟರ್ ಅಲ್ಲ. ನಮ್ಮ ಕಾಕಾ ಇದೇ ಕಾಯಿಲೆ ಇದ್ದು ಬೇರೊಂದು ಜೈಲಿನಿಂದ ಬಂದವರು. ನಾವು ಎಡವಿದ್ದನ್ನೇ ಮೊದಲು ಹೇಳುತ್ತೇನೆ.

ಹೊಸ ಅಂಗಿ, ಧೋತರ ತೆಗೆದುಕೊಂಡು ಗೇಟಿಗೆ ಹೋದೆವು. ಡಾಕ್ಟರ ಮಾತ್ರೆ ಚೀಟಿ ಕೇಳುವುದು ಯಾರಿಗೂ ಹೊಳೆಯಲಿಲ್ಲ. ಕಾಕಾನ ಕೈಯಲ್ಲಿ ಒಂದು ಕಾಗದದ ಪೊಟ್ಟಣ. ಬಿಳಿ ಮಾತ್ರೆ ಹತ್ತು, ಹಳದಿ ಐದು, ಎಲ್ಲ ಸ್ಟ್ರಿಪ್ಪಿನಿಂದ ಕತ್ತರಿಸಿದ ತುಂಡುಗಳು. ಹೆಸರಿದ್ದ ಭಾಗವೇ ಇಲ್ಲ! ಐದು ದಿನಕ್ಕೆ ಮುಗಿಯುತ್ತ ಬಂತು. ಕೊನೆಯ ತುಂಡನ್ನು ಮೆಡಿಕಲ್ ಶಾಪಿನವನು ತಿರುಗಿಸಿ ತಿರುಗಿಸಿ ನೋಡಿ ವಾಪಸ್ ಕೊಟ್ಟ. ಕಾಕಾ ಚೆನ್ನಾಗೇ ಇದ್ದಾರಲ್ಲ ಅಂತ ನಾವೂ ಸುಮ್ಮನಾದೆವು. ಮೂರನೇ ವಾರಕ್ಕೆ ನಿದ್ದೆ ಹೋಯಿತು. ರಾತ್ರಿಯೆಲ್ಲ ಗೋಡೆಗೆ ಕಿವಿ ಹಚ್ಚಿ ಕೂರುತ್ತಿದ್ದರು.

ಹಾಗಾಗಿ ಮುಂದಿನ ಭೇಟಿಯಲ್ಲೇ ಅಣ್ಣನಿಂದ ಒಂದು ಅರ್ಜಿಗೆ ಸಹಿ ಹಾಕಿಸಿ. ಕಾಯಿಲೆ ಏನು, ಮಾತ್ರೆ ಹೆಸರು, ಡೋಸ್, ಇಂಜೆಕ್ಷನ್ ಇದ್ದರೆ ಕೊನೆಯದು ಯಾವಾಗ, ಇಷ್ಟನ್ನೂ ಬರೆದು ಕೊಡಿ ಅಂತ ಜೈಲಿನವರಿಗೆ. ತನ್ನ ಚಿಕಿತ್ಸೆಯ ದಾಖಲೆ ಕೇಳುವುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕೊಟ್ಟ ಹಕ್ಕು. ಎಳೆದಾಡಿದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಕೈದಿಗಳಿಗೆ ಅಲ್ಲಿ ವಕೀಲರ ಫೀಸಿಲ್ಲ.

ಬಿಡುಗಡೆಯ ದಿನ ನೇರ ಊರಿಗೆ ಬಸ್ ಹತ್ತಬೇಡಿ. ಬೆಳಗಾವಿಯಲ್ಲೇ ಬಿಮ್ಸ್ ಸರ್ಕಾರಿ ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿ ತೋರಿಸಿ, ಹೊಸ ಚೀಟಿ ಮಾಡಿಸಿಕೊಳ್ಳಿ. ಆಮೇಲೆ ತಾಲೂಕು ಆಸ್ಪತ್ರೆ ಸಾಕು. ಸರ್ಕಾರದ ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರ ಅಲ್ಲಿಗೆ ಮನೋವೈದ್ಯರು ಬರುತ್ತಾರೆ, ಯಾವ ಮಂಗಳವಾರ ಅಂತ ಕೇಳಿಕೊಂಡೇ ಹೋಗಿ. ಜಾಸ್ತಿಯಾದರೆ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ಇದೆ. ನಡುರಾತ್ರಿ ದಿಕ್ಕು ತೋಚದಿದ್ದರೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್, 14416. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಎಲ್ಲಮ್ಮನ ಗುಡ್ಡಕ್ಕೆ ಕರೆದುಕೊಂಡು ಹೋಗಿ ಅಂತ ಹತ್ತು ಜನ ಹೇಳುತ್ತಾರೆ. ಹೋಗಿ ಬನ್ನಿ, ಎಲ್ಲಮ್ಮ ಬೇಡ ಅನ್ನುವುದಿಲ್ಲ. ಮಾತ್ರೆ ಮಾತ್ರ ಚೀಲದಲ್ಲಿರಲಿ.

ಸುಮ್ನೆ ಕೂತಿದ್ದಾನೆ ಅಂತ ಕಬ್ಬು ಕಡಿಯಲು ಅಟ್ಟಬೇಡಿ. ಆ ಮಾತ್ರೆಗಳಿಗೆ ಮಂಪರು ಬರುತ್ತದೆ, ಬಿಸಿಲೂ ತಡೆಯುವುದಿಲ್ಲ. ನಮ್ಮ ಕಾಕಾ ಎಮ್ಮೆ ನೋಡಿಕೊಂಡರು. ಎಮ್ಮೆ ಯಾವ ಕೇಸು, ಎಷ್ಟು ವರ್ಷ ಅಂತ ಕೇಳುವುದಿಲ್ಲ ಅಲ್ವಾ? ಊರವರು ಕೇಳಿದರು, ಕಟ್ಟೆ ಮೇಲೆ ಕೂತು ತಿಂಗಳುಗಟ್ಟಲೆ ಕೇಳಿದರು. ಆಮೇಲೆ ಅವರಿಗೇ ಬೇಜಾರಾಯಿತು.

ಭೇಟಿಗೆ ಹೋಗಿ ಬಂದ ಮೇಲೆ ಚೀಟಿ ಸಿಕ್ಕಿತಾ ಅಂತ ಇಲ್ಲೇ ಒಂದು ಸಾಲು ಬರೆಯಿರಿ.